ಮೊಬೈಲ್ ಹೇಳುವ ಸೂರ್ಯಾಸ್ತವನ್ನು ನಂಬಿ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಬೇಡಿ

ಊರಿಂದ ಬಂದ ಅಪ್ಪ ಅಮ್ಮನಿಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸೂರ್ಯಾಸ್ತ ತೋರಿಸಬೇಕು ಅಂತ ಹೊರಟಿದ್ದೀರಾ? ಗಾಡಿ ಹತ್ತುವ ಮುಂಚೆ ಇದನ್ನೊಮ್ಮೆ ಓದಿ. ನಾನು ಎರಡು ಸಂಜೆ ಕೆಡಿಸಿಕೊಂಡೆ. ಮೊದಲನೆಯದರಲ್ಲಿ ಹೋದದ್ದು ನನ್ನ ಮರ್ಯಾದೆ ಮಾತ್ರ. ಎರಡನೆಯದರಲ್ಲಿ ಅಪ್ಪನ ಮೊಣಕಾಲು ಹೋಯಿತು.

ನಾವಿರುವುದು ಮ್ಯಾಂಚೆಸ್ಟರ್‌ನಲ್ಲಿ. ಅಕ್ಟೋಬರ್ ಮಧ್ಯದಲ್ಲಿ ಮೂರು ರಾತ್ರಿಗೆಂದು ಕೆಸ್ವಿಕ್‌ಗೆ ಹೋದೆವು. ಊರಿಗೆ ಅಂಟಿಕೊಂಡೇ ಡರ್ವೆಂಟ್‌ವಾಟರ್ ಸರೋವರ ಇದೆ. ಉಳಿದುಕೊಂಡ ಮನೆಯವರು ‘ಸನ್‌ಸೆಟ್ ಲೇಕ್ ವ್ಯೂ’ ಅಂತ ರಾತ್ರಿಗೆ 25 ಪೌಂಡ್ ಹೆಚ್ಚಿಗೆ ತೆಗೆದುಕೊಂಡರು. ಕಿಟಕಿ ತೆರೆದರೆ ಎದುರು ಮನೆಯ ಎರಡು ಚಿಮಣಿಗಳ ನಡುವೆ ಅಂಗೈಯಗಲ ನೀರು. ಸೂರ್ಯ ಇಳಿಯುವ ದಿಕ್ಕಿಗೆ ಪಕ್ಕದವರ ಮರ. ಇರಲಿ, ಅದು ದುಡ್ಡಿನ ಮಾತು.

ಇಂಟರ್‌ನೆಟ್ಟಿನ ‘ಸೂರ್ಯಾಸ್ತಕ್ಕೆ ಹತ್ತು ಜಾಗ’ ಥರದ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದೆ. ಅದರಲ್ಲಿ ಮೊದಲ ಹೆಸರೇ ಫ್ರೈಯರ್ಸ್ ಕ್ರ್ಯಾಗ್. ದೋಣಿಕಟ್ಟೆಯಿಂದ ಹತ್ತು ನಿಮಿಷದ ಸಪಾಟು ದಾರಿ, ನೀರಿನೊಳಕ್ಕೆ ಮೂಗು ಚಾಚಿದ ಬಂಡೆ, ಮೇಲೆ ಪೈನ್ ಮರಗಳು. ಮೊಬೈಲ್ 6:15ಕ್ಕೆ ಸೂರ್ಯಾಸ್ತ ಅಂದಿತ್ತು. ಅರ್ಧ ಗಂಟೆ ಮುಂಚೆ ಹೋಗಿ ಒಳ್ಳೆ ಜಾಗ ಹಿಡಿಯೋಣ ಅಂತ 5:40ಕ್ಕೇ ತಲುಪಿದೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಕ್ಕುಲಿ.

ಸೂರ್ಯ ಇರಲಿಲ್ಲ. ಮೋಡವೂ ಇರಲಿಲ್ಲ. ಆಕಾಶ ತಿಳಿನೀಲಿ, ಸರೋವರ ಮಾತ್ರ ಸೀಸದಂತೆ ಕಪ್ಪಗೆ ಬಿದ್ದುಕೊಂಡಿತ್ತು. ಎದುರಿನ ಕಾಸಿ ಪೈಕ್ ಬೆಟ್ಟದ ಗಂಟು ಗಂಟು ತಲೆಯ ಸುತ್ತ ಬೆಳಕಿನದೊಂದು ಅಂಚು. ಅಪ್ಪ ಒಂದು ಸಲ ಬೆಟ್ಟ ನೋಡಿದರು, ಒಂದು ಸಲ ನನ್ನನ್ನು ನೋಡಿದರು. “ಮುಳುಗಿ ಆಯ್ತಲ್ಲೋ,” ಅಂದರು. ನಾಯಿ ಕರೆದುಕೊಂಡು ಬಂದಿದ್ದ ಅಜ್ಜಿಯೊಬ್ಬರು, ಸೂರ್ಯ ಹೋಗಿ ಕಾಲು ಗಂಟೆ ಆಯಿತು ಅಂತ ನಗುತ್ತಲೇ ಹೇಳಿದರು. ನಮ್ಮ ಬೆನ್ನ ಹಿಂದೆ, ಪೂರ್ವದಲ್ಲಿ, ವಾಲಾ ಕ್ರ್ಯಾಗ್‌ನ ಬಂಡೆಗೋಡೆ ಆಗ ಕೆಂಡದಂತೆ ಹೊಳೆಯುತ್ತಿತ್ತಂತೆ. ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ ನಾನು ತಿರುಗಿಯೂ ನೋಡಲಿಲ್ಲ. ರಾತ್ರಿ ಅಮ್ಮನ ಮೊಬೈಲಿನ ಫೋಟೋದಲ್ಲಿ ಕಂಡೆ.

ಮೊಬೈಲ್ ಸುಳ್ಳು ಹೇಳಿರಲಿಲ್ಲ. ಅದು ಕೊಡುವುದು ಸಮುದ್ರದಂಥ ಸಪಾಟು ಬಯಲಿನ ಲೆಕ್ಕ. ನಾವೆಲ್ಲ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ಕಲಿತವರು. ಅಲ್ಲಿ ಘಟ್ಟದ ಅಂಚಿನಲ್ಲಿ ನಿಂತು ಕೆಳಗಿನ ಕರಾವಳಿಯತ್ತ ನೋಡುತ್ತೇವೆ, ಅಡ್ಡ ಏನೂ ಇಲ್ಲ. ಇಲ್ಲಿ ಸರೋವರದ ದಡ ಅಂದರೆ ಬಾಣಲೆಯ ತಳ. ಕಾಸಿ ಪೈಕ್ 637 ಮೀಟರ್ ಎತ್ತರ, ಫ್ರೈಯರ್ಸ್ ಕ್ರ್ಯಾಗ್‌ನಿಂದ ಐದು ಕಿಲೋಮೀಟರೂ ದೂರವಿಲ್ಲ. ಅಲ್ಲಿಂದ ಅದು ಹೆಚ್ಚುಕಡಿಮೆ 7 ಡಿಗ್ರಿ ಆಕಾಶ ನುಂಗುತ್ತದೆ. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮೂರಿನಲ್ಲಿ ಸೂರ್ಯ ನೆಟ್ಟಗೆ ಬೀಳುತ್ತಾನೆ, ಗಂಟೆಗೆ ಹತ್ತಿರ ಹತ್ತಿರ 15 ಡಿಗ್ರಿ. ಇಷ್ಟು ಉತ್ತರದಲ್ಲಿ ಓರೆಯಾಗಿ ಜಾರುತ್ತಾನೆ, ಗಂಟೆಗೆ 9 ಡಿಗ್ರಿಯೂ ಇಳಿಯುವುದಿಲ್ಲ. ನಮ್ಮಲ್ಲಿ ಅರ್ಧ ಗಂಟೆ ಕದಿಯುವ ಬೆಟ್ಟ ಇಲ್ಲಿ ಮುಕ್ಕಾಲು ಗಂಟೆಯ ಮೇಲೆಯೇ ಕದಿಯುತ್ತದೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮಧ್ಯಾಹ್ನವೇ ದಡಕ್ಕೆ ಹೋಗಿ, ಪಡುವಣ ಬೆಟ್ಟ ಎಷ್ಟು ಮುಷ್ಟಿ ಎತ್ತರ ಇದೆ ಅಂತ ಅಳೆದುಬಿಡಿ.

ಇಷ್ಟಕ್ಕೆ ಬುದ್ಧಿ ಬಂದಿದ್ದರೆ ಸಾಕಿತ್ತು. ತಳದಲ್ಲಿ ಕಾಣದಿದ್ದರೆ ಮೇಲೆ ಹತ್ತಿದರಾಯಿತು ಅಂತ ಮರುದಿನ ಕ್ಯಾಟ್‌ಬೆಲ್ಸ್‌ಗೆ ಹೊರಟೆವು. 451 ಮೀಟರಿನ ಬೆಟ್ಟ, ಮಕ್ಕಳೂ ಹತ್ತುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಹತ್ತುವುದು ನಿಜ. ಹಗಲಿನಲ್ಲಿ. ಅಮ್ಮ ಬರಲಿಲ್ಲ. ಅಪ್ಪನಿಗೆ ಅರವತ್ಮೂರು. “ಕೊಡಚಾದ್ರಿ ಹತ್ತಿದವನಿಗೆ ಇದ್ಯಾವ ಲೆಕ್ಕ,” ಅಂದುಕೊಂಡು ಹೊರಟರು. ನಾನು, ನನ್ನ ಹೆಂಡತಿ, ಅಪ್ಪ, ಮೂವರೂ ದೋಣಿಯಲ್ಲಿ ಆಚೆ ದಡದ ಹಾಸ್ ಎಂಡ್‌ಗೆ ಹೋಗಿ ಹತ್ತತೊಡಗಿದಾಗ ನಾಲ್ಕು ದಾಟಿತ್ತು.

ದಾರಿಯಲ್ಲಿ ಒಂದೆರಡು ಕಡೆ ಕೈ ಊರಿಯೇ ಹತ್ತಬೇಕು. ದೂರದ ಬೆಟ್ಟ ನುಣ್ಣಗೆ ಅಂತಾರೆ. ಇದು ಹತ್ತಿರ ಹೋದರೆ ಇನ್ನೂ ನುಣ್ಣಗೆ, ಲಕ್ಷಾಂತರ ಬೂಟುಗಳು ತಿಕ್ಕಿ ತಿಕ್ಕಿ ಬಂಡೆ ಒರಳುಕಲ್ಲಿನಂತಾಗಿದೆ. ಹತ್ತುವಾಗ ಅದು ಗಮನಕ್ಕೆ ಬರಲಿಲ್ಲ.

ಸೂರ್ಯಾಸ್ತ ಸಿಕ್ಕಿತು. ಆರು ಗಂಟೆಗೆ, ನ್ಯೂಲ್ಯಾಂಡ್ಸ್ ಕಣಿವೆಯಾಚೆಯ ಬೆಟ್ಟಸಾಲಿನ ಹಿಂದೆ. ಒಂದರ ಹಿಂದೊಂದು ನೇರಳೆ ಮಡಿಕೆಗಳು, ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಆ ಚೆಂದಕ್ಕೇ ಮರುಳಾಗಿ ಇಪ್ಪತ್ತು ನಿಮಿಷ ಫೋಟೋ ತೆಗೆಯುತ್ತ ಕೂತೆವು. ಶಿಖರದಲ್ಲಿ ಇನ್ನೂ ಬೆಳಕಿತ್ತು. ಕೆಳಗೆ ಕಣಿವೆ ಆಗಲೇ ಕತ್ತಲು ಕುಡಿದು ಕೂತಿತ್ತು. ನಾವು ಇಳಿಯುತ್ತಿದ್ದದ್ದು ಅದರೊಳಕ್ಕೆ.

ನುಣ್ಣನೆಯ ಬಂಡೆಗೆ ಬಂದಾಗ ಕಾಲಿಡುವ ಜಾಗ ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ ಬಂಡೆ ಎಲ್ಲೆಲ್ಲೂ ಒಂದೇ ಸಮನೆ ಬೆಳ್ಳಗೆ ಮಿಂಚಿತು, ಮೆಟ್ಟಿಲು ಯಾವುದು ಇಳಿಜಾರು ಯಾವುದು ತಿಳಿಯದು. ಒಂದು ಕೈಯಲ್ಲಿ ಮೊಬೈಲ್ ಹಿಡಿದರೆ ಬಂಡೆಗೆ ಉಳಿಯುವುದು ಒಂದೇ ಕೈ. ಚಳಿಗೆ ನನ್ನ ಮೊಬೈಲ್ 30 ಪರ್ಸೆಂಟಿನಿಂದ ಸೀದಾ ಆರಿಹೋಯಿತು. ಕೂತುಕೊಂಡು ಜಾರುತ್ತಿದ್ದ ಅಪ್ಪನ ಬಲಗಾಲು ಒಂದು ಸಂದಿಗೆ ಸಿಕ್ಕಿ ತಿರುಚಿತು. ಅವರು ಕೂಗಲಿಲ್ಲ. “ಸ್ವಲ್ಪ ಇರು,” ಅಂದರು ಅಷ್ಟೇ. ನನಗೆ ಕೈಕಾಲು ತಣ್ಣಗಾದದ್ದು ಆಗ.

ಹಿಂದಿನಿಂದ ತಲೆಗೆ ದೀಪ ಕಟ್ಟಿಕೊಂಡ ಇಬ್ಬರು ಹುಡುಗರು ಬಂದರು. ಒಬ್ಬ ಕೆಳಗೆ ನಿಂತು ಅಪ್ಪನ ಪಾದವನ್ನು ತನ್ನ ಕೈಯಾರೆ ಒಂದೊಂದೇ ಮೆಟ್ಟಿಲಿಗೆ ಇಟ್ಟ. ಕೆಳಗಿಳಿದಾಗ ಎಂಟು ಗಂಟೆ, ದೋಣಿ ಯಾವಾಗಲೋ ನಿಂತಿತ್ತು. ಅವರ ಕಾರಿನಲ್ಲೇ ಕೆಸ್ವಿಕ್ ಸೇರಿದೆವು. ದಾರಿಯಲ್ಲಿ ಅವರು ಹೇಳಿದ್ದು: ಬೆಟ್ಟದಲ್ಲಿ ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದ ರಕ್ಷಣಾ ತಂಡ, ಕೇಳಬೇಕು. ಅವರೆಲ್ಲ ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ ಅಥವಾ ದೀಪ ಮಿಣುಕಿಸಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಶುರು ಮಾಡಬೇಕು. ನಮ್ಮ ಹತ್ತಿರ ಸೀಟಿ ಇರಲಿಲ್ಲ. ಚಕ್ಕುಲಿ ಇತ್ತು.

ಆ ಹತ್ತು ಜಾಗಗಳ ಪಟ್ಟಿಯ ಮೇಲೆ ನನಗಿನ್ನೂ ಸಿಟ್ಟಿದೆ. ಯಾವ ತಿಂಗಳು ಅನ್ನುವ ಮಾತೇ ಅದರಲ್ಲಿರಲಿಲ್ಲ. ಇಲ್ಲಿ ಜೂನ್‌ನಲ್ಲಿ ಸೂರ್ಯ ವಾಯವ್ಯಕ್ಕೆ ಮುಳುಗುತ್ತಾನೆ, ರಾತ್ರಿ 9:50ರ ಹೊತ್ತಿಗೆ. ಡಿಸೆಂಬರ್‌ನಲ್ಲಿ ನೈಋತ್ಯಕ್ಕೆ, ಮಧ್ಯಾಹ್ನ 3:50ಕ್ಕೇ. ಬೆಂಗಳೂರಿನಲ್ಲಿ ಸೂರ್ಯ ಮುಳುಗುವ ಜಾಗ ವರ್ಷದಲ್ಲಿ ಎಷ್ಟು ಸರಿಯುತ್ತದೋ ಹೆಚ್ಚುಕಡಿಮೆ ಅದರ ಎರಡರಷ್ಟು ಇಲ್ಲಿ ಸರಿಯುತ್ತದೆ. ವಾಯವ್ಯಕ್ಕೆ ತೆರೆದುಕೊಂಡ ಬಟರ್‌ಮಿಯರ್ ಸರೋವರ ಬೇಸಿಗೆಗೆ, ನೈಋತ್ಯಕ್ಕೆ ತೆರೆದ ವಾಸ್ಟ್ ವಾಟರ್ ಸರೋವರ ಚಳಿಗಾಲಕ್ಕೆ. ಅದಲು ಬದಲು ಮಾಡಿದರೆ ಬೆಟ್ಟದ ನೆರಳು ನೋಡಿಕೊಂಡು ವಾಪಸ್ ಬರಬೇಕು. ವಾಸ್ಟ್ ವಾಟರ್ ಭೂಪಟದಲ್ಲಿ ಕೆಸ್ವಿಕ್‌ಗೆ ಹತ್ತಿರ ಕಾಣುತ್ತದೆ, ರಸ್ತೆ ಮಾತ್ರ ಬೆಟ್ಟ ಬಳಸಿಕೊಂಡು ಒಂದು ಗಂಟೆಗೂ ಮೀರಿ ಸುತ್ತಿಸುತ್ತದೆ. ಆಂಬಲ್‌ಸೈಡ್ ಕಡೆಯಿಂದ ಹೊರಟರೆ ಮ್ಯಾಪ್ ನಿಮ್ಮನ್ನು ಹಾರ್ಡ್‌ನಾಟ್ ಪಾಸ್‌ಗೆ ಹತ್ತಿಸಬಹುದು. ಮೂರು ಅಡಿಗೆ ಒಂದು ಅಡಿ ಏರುವ, ಒಂದೇ ಗಾಡಿಯ ದಾರಿ. ಕತ್ತಲಲ್ಲಿ ಬೇಡವೇ ಬೇಡ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಹಿಂದಿನ ವಾರದ ಲೆಕ್ಕ ಹಿಡಿದು ಹೋದರೆ ಕತ್ತಲು ನಿಮಗಿಂತ ಮೊದಲೇ ಬಂದು ಕೂತಿರುತ್ತದೆ.

ವಯಸ್ಸಾದವರಿದ್ದರೆ ವಿಂಡರ್‌ಮಿಯರ್ ಸ್ಟೇಷನ್ ಎದುರಿನ ಆರೆಸ್ಟ್ ಹೆಡ್ ಗುಡ್ಡ ಇದೆ, 239 ಮೀಟರ್, ನಿಧಾನಕ್ಕೆ ಅರ್ಧ ಗಂಟೆ. ಕೆಸ್ವಿಕ್‌ನಲ್ಲಾದರೆ ಲ್ಯಾಟ್ರಿಗ್ ಗುಡ್ಡ. ಅದರ ಹಿಂಭಾಗದವರೆಗೂ ಕಾರು ಹೋಗುತ್ತದೆ, ಅಲ್ಲಿಂದ ನೋಟದ ಜಾಗಕ್ಕೆ ಗಾಲಿಕುರ್ಚಿಯೂ ಹೋಗುವಂಥ ದಾರಿ ಮಾಡಿದ್ದಾರೆ.

ಮೂರನೇ ಸಂಜೆ ಅಲ್ಲಿಗೇ ಹೋದೆವು. ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಅಪ್ಪ ಕಾರಿನಲ್ಲೇ ಉಳಿದರು. ಮೊಬೈಲ್ ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮುಂಚೆ ಸೂರ್ಯ ಗ್ರಿಸ್‌ಡೇಲ್ ಪೈಕ್‌ನ ಹಿಂದೆ ಸರಿದ. ಕೆಳಗೆ ಇಡೀ ಡರ್ವೆಂಟ್‌ವಾಟರ್ ತಾಮ್ರದ ತಟ್ಟೆಯ ಬಣ್ಣಕ್ಕೆ ತಿರುಗಿತು. ಅಮ್ಮ ಬೆಂಚಿನ ತುದಿಯಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದರು. “ಆಗುಂಬೆಯಷ್ಟು ಕೆಂಪಿಲ್ಲ ಬಿಡಿ,” ಅನ್ನುತ್ತಿದ್ದದ್ದು ಕೇಳಿಸಿತು.