ಮಾರ್ನಿಂಗ್ಟನ್‌ನ ಮೂರು ಕಡಲು: ನಮಗೆ ಕೊಲ್ಲಿಯ ದಡವೇ ಸಾಕು

ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಮಾರ್ನಿಂಗ್ಟನ್ ಪರ್ಯಾಯ ದ್ವೀಪಕ್ಕೆ ರಜೆಗೆ ಹೋಗುವವರು ಎಲ್ಲಿ ಉಳಿಯಬೇಕೆಂದು ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಪೋರ್ಟ್ ಫಿಲಿಪ್ ಕೊಲ್ಲಿಯ ದಡವನ್ನೇ ತೋರಿಸುತ್ತೇನೆ. ಇಷ್ಟು ಧೈರ್ಯ ಬರಲು ಎರಡು ರಜೆಗಳು ಹಾಳಾಗಬೇಕಾಯಿತು. ಈ ನೆಲಕ್ಕೆ ಒಂದಲ್ಲ, ಮೂರು ಕಡಲು: ಒಂದು ಪಕ್ಕದಲ್ಲಿ ಈ ಕೊಲ್ಲಿ, ದಕ್ಷಿಣಕ್ಕೆ ಬಾಸ್ ಜಲಸಂಧಿ, ಪೂರ್ವಕ್ಕೆ ವೆಸ್ಟರ್ನ್ ಪೋರ್ಟ್.

ಮೊದಲ ವರ್ಷದ ಜಾಹೀರಾತಿನಲ್ಲಿ ‘ರೈ, ಕಡಲಿಗೆ ಹತ್ತು ನಿಮಿಷದ ನಡಿಗೆ’ ಎಂದಿತ್ತು. ಉಳಿದ ಮನೆಗಳಿಗಿಂತ ರಾತ್ರಿಗೆ ನೂರು ಡಾಲರ್ ಕಡಿಮೆ. ಯಾವ ಕಡಲು ಎಂದು ಕೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ರೈ ಊರಿಗೆ ಎರಡು ದಡಗಳಿವೆ. ಕೊಲ್ಲಿಯ ಕಡೆಯದು ಫ್ರಂಟ್ ಬೀಚ್, ಜಲಸಂಧಿಯ ಕಡೆಯದು ಬ್ಯಾಕ್ ಬೀಚ್. ನಮ್ಮದು ಬ್ಯಾಕ್.

ಮೊದಲ ದಿನ ಕೊಡೆ, ಚಾಪೆ, ಐಸ್ ಪೆಟ್ಟಿಗೆ, ಐದು ವರ್ಷದ ಮಗಳು, ಮೊಣಕಾಲು ನೋವಿನ ಅಮ್ಮ ಎಲ್ಲರನ್ನೂ ಎಲ್ಲವನ್ನೂ ಮರಳು ದಿಬ್ಬದ ಮೇಲಿಂದ ಮೆಟ್ಟಿಲು ಇಳಿಸಿದೆ. ಕೆಳಗೆ ನಿಂತು ನೋಡಿದರೆ ದಕ್ಷಿಣ ಸಾಗರದಿಂದ ತಡೆಯಿಲ್ಲದೆ ಬರುವ ತೆರೆಗಳು. ನಡುವೆ ಒಂದು ಕಡೆ ಮಾತ್ರ ತೆರೆ ಒಡೆಯದೆ ನೀರು ಕಪ್ಪಗೆ, ಶಾಂತವಾಗಿತ್ತು. ಮಗಳನ್ನು ಅಲ್ಲಿಗೇ ಕರೆದೊಯ್ಯಲು ಹೊರಟಿದ್ದೆ. ಅಲೆಹಲಗೆ ಹಿಡಿದು ಹೋಗುತ್ತಿದ್ದ ಹುಡುಗನೊಬ್ಬ ತಡೆದು, ಅದೇ ಸೆಳೆತದ ಜಾಗ, ದಡಕ್ಕೆ ಬಂದ ನೀರು ಅಲ್ಲಿಂದಲೇ ಕಡಲಿಗೆ ಮರಳುತ್ತದೆ ಎಂದ. ನಾವಿದ್ದ ಕಡೆ ಜೀವರಕ್ಷಕರೂ ಇರಲಿಲ್ಲ, ಈಜುವ ಜಾಗ ತೋರಿಸುವ ಕೆಂಪು-ಹಳದಿ ಬಾವುಟಗಳೂ ಇರಲಿಲ್ಲ. ಇದೇ ಕರಾವಳಿಯ ಚೆವಿಯಟ್ ಬೀಚಿನಲ್ಲಿ 1967ರ ಡಿಸೆಂಬರ್ 17ರಂದು ಈಜಲು ಇಳಿದ ಆಗಿನ ಆಸ್ಟ್ರೇಲಿಯಾ ಪ್ರಧಾನಿ ಹೆರಾಲ್ಡ್ ಹೋಲ್ಟ್ ಹಿಂತಿರುಗಲಿಲ್ಲ, ದೇಹವೂ ಸಿಗಲಿಲ್ಲ. ಇದನ್ನು ಮನೆಗೆ ಬಂದು ಓದಿದ ಮೇಲೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಉಳಿದ ನಾಲ್ಕು ದಿನ ಮಾಡಿದ್ದೇನು? ದಿನವೂ ಕಾರಿನಲ್ಲಿ ಸಾಮಾನು ತುಂಬಿಕೊಂಡು ಫ್ರಂಟ್ ಬೀಚಿಗೆ ಹೋಗಿ, ನಿಲುಗಡೆಗೆ ಜಾಗ ಹುಡುಕುತ್ತಾ ಸುತ್ತಿದೆವು. ಬಾಡಿಗೆಯಲ್ಲಿ ಉಳಿಸಿದ ಹಣ ಪೆಟ್ರೋಲಿಗೂ ಐಸ್‌ಕ್ರೀಮಿಗೂ ಹೋಯಿತು, ಅಮ್ಮ ಮತ್ತೆ ಆ ಮೆಟ್ಟಿಲುಗಳ ಹತ್ತಿರ ಸುಳಿಯಲಿಲ್ಲ.

ಮರುವರ್ಷ ಅಗ್ಗವೆಂದು ವೆಸ್ಟರ್ನ್ ಪೋರ್ಟ್ ಕಡೆಯ ಹೇಸ್ಟಿಂಗ್ಸ್. ಇಳಿತದಲ್ಲಿ ನೀರು ಎಲ್ಲೋ ಹೋಗಿ ಬಯಲಿನಷ್ಟು ಕೆಸರು ಉಳಿಯುತ್ತದೆ. ಪೆಲಿಕನ್‌ಗಳಿವೆ, ಕಾಂಡ್ಲಾ ಗಿಡಗಳಿವೆ, 1982ರಿಂದ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜೌಗು ಪ್ರದೇಶವಿದು. ದುರ್ಬೀನು ಇರುವವರಿಗೆ ಹಬ್ಬ, ಬಕೆಟ್ ಹಿಡಿದ ಮಗುವಿಗೆ ಅಲ್ಲ.

ಮೂರನೇ ವರ್ಷ ಕೊಲ್ಲಿಯ ದಡದ ರೋಸ್‌ಬಡ್. ರಸ್ತೆ ದಾಟಿದರೆ ಮರಳು. ನೀರಿನಲ್ಲಿ ಎಷ್ಟೋ ದೂರ ನಡೆದರೂ ಮಗಳಿಗೆ ಸೊಂಟದಷ್ಟೇ ಆಳ. ಅಮ್ಮ ಸೀರೆ ಎತ್ತಿಕೊಂಡು ತಾವೇ ಇಳಿದರು. ಕೊರತೆ ಇಲ್ಲವೆಂದಲ್ಲ: ಜನವರಿಯಲ್ಲಿ ರಸ್ತೆ ತುಂಬ ಕಾರು, ಕೆಲವು ದಿನ ಲೋಳೆಮೀನು. ಜೋರು ಮಳೆ ಬಂದ ಮರುದಿನ ಚರಂಡಿಗಳ ನೀರು ಕೊಲ್ಲಿಗೆ ಸೇರಿರುತ್ತದೆ, ಆಗ ಇಳಿಯಬಾರದು. ಅಂಥ ದಿನ ನಾವು ಇದೇ ದಡದ ಸೊರೆಂಟೊದಿಂದ ಕೊಲ್ಲಿಯ ಆಚೆ ಬದಿಯ ಕ್ವೀನ್ಸ್‌ಕ್ಲಿಫ್‌ಗೆ ಹಡಗಿನಲ್ಲಿ ಹೋಗಿಬಂದೆವು, ಒಂದು ಕಡೆಗೆ ಸುಮಾರು ನಲವತ್ತು ನಿಮಿಷ.

ಅಲೆ ಸವಾರಿ ಬಲ್ಲವರು ನನ್ನ ಮಾತನ್ನು ಬಿಟ್ಟುಬಿಡಿ, ನಿಮಗೆ ಜಲಸಂಧಿಯ ಕಡೆಯ ಗನ್ನಮಟ್ಟ ಬೀಚ್ ಇದೆ. 1859ರ ದೀಪಸ್ತಂಭವಿರುವ ಕೇಪ್ ಶಾಂಕ್‌ನ ಬಂಡೆಗಳನ್ನು ನೋಡಲು ನಾವೂ ಒಂದು ಸಂಜೆ ಆ ಕಡೆ ಹೋಗುತ್ತೇವೆ, ನೋಡಿ ವಾಪಸ್ ಬರುತ್ತೇವೆ. ಮುಂದಿನ ಸಲ ರೋಸ್‌ಬಡ್‌ಗೇ, ಆದರೆ ಮಾರ್ಚಿನಲ್ಲಿ. ನೀರು ಇನ್ನೂ ಬೆಚ್ಚಗಿರುತ್ತದೆ, ಬಾಡಿಗೆ ಇಳಿದಿರುತ್ತದೆ. ಮಗಳ ಶಾಲೆಗೆ ಎರಡು ದಿನ ರಜೆ ಹಾಕಿಸಬೇಕು, ಅಷ್ಟೇ.