ಒಣಬಾಯಿಗೆ ಕೃತಕ ಜೊಲ್ಲು: ಕೊಳ್ಳುವ ಮುನ್ನ

ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಓಲಾಂಜಪಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುವವರಲ್ಲಿ ಜೊಲ್ಲು ಬತ್ತಿ ಹಲ್ಲಿನ ಬುಡ ಬೇಗ ಹುಳುಕಾಗಬಹುದು. ಕೃತಕ ಜೊಲ್ಲು, ಅಂದರೆ ಔಷಧಿ ಅಂಗಡಿಯ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ದ್ರವ, ಬಾಯಿಗೆ ತೆಳುವಾದ ಜಾರುಪದರ ಕೊಡುತ್ತದೆ, ಮಾತು ಮತ್ತು ನುಂಗುವುದು ಸಲೀಸಾಗುತ್ತದೆ. ಆದರೆ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಊಟಕ್ಕೆ ಮುಂಚೆ, ಮಲಗುವಾಗ ಸ್ವಲ್ಪ ಹಾಕಿ ನಾಲಗೆಯಿಂದ ಒಸಡಿಗೆಲ್ಲ ಸವರಬೇಕು. ಕೈ ನಡುಗುವವರಿಗೆ ಬಾಟಲಿಗಿಂತ ಸ್ಪ್ರೇ ಮೇಲು, ಚೆಲ್ಲುವುದಿಲ್ಲ.

ಹುಳುಕನ್ನು ಇದೊಂದೇ ತಡೆಯದು. ದಿನಕ್ಕೆ 2 ಸಲ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಫ್ಲೋರೈಡ್ ಪೇಸ್ಟ್‌ನಿಂದ ಉಜ್ಜಿ, ನೊರೆ ಉಗಿಯಿರಿ. ನೀರು ಮುಕ್ಕಳಿಸಿದರೆ ಫ್ಲೋರೈಡ್ ಕೊಚ್ಚಿಹೋಗುತ್ತದೆ. ಬಾಯಾರಿಕೆಗೆ ಸೋಡಾ, ನಿಂಬೆ ಪೆಪ್ಪರ್‌ಮೆಂಟು ಬೇಡವೇ ಬೇಡ. ಸ್ಕಿಜೋಫ್ರೇನಿಯಾದ ಇನ್ನೊಂದು ಮಾತ್ರೆ ಕ್ಲೋಜಪಿನ್‌ನಿಂದ ಜೊಲ್ಲು ಸುರಿಯುವವರಿಗೆ ಕೃತಕ ಜೊಲ್ಲು ದಂಡ. ಬಾಯಿ ಒಣಗುತ್ತದೆಂದು ಮಾತ್ರೆ ನಿಲ್ಲಿಸಬೇಡಿ, ಡೋಸ್ ಬಗ್ಗೆ ವೈದ್ಯರನ್ನು ಕೇಳಿ.