ಕ್ರೇವನ್‌ನ ಪರಿಚಯಕ್ಕೆ 1987ರ ಕಾಮಿಕ್ಸೋ, 2024ರ ಸಿನಿಮಾವೋ?

ಸ್ಪೈಡರ್‌ಮ್ಯಾನ್‌ನನ್ನೇ ಬೇಟೆಯೆಂದು ಬೆನ್ನಟ್ಟುವ ಖಳ ಕ್ರೇವನ್. 2024ರ ಸಿನಿಮಾ ಸುಮಾರು ಎರಡು ಗಂಟೆಗಳಲ್ಲಿ ಮುಗಿಯುತ್ತದೆ. ಹೊಡೆದಾಟ ಬೇಕೆನ್ನುವವರಿಗೆ ಅಷ್ಟು ಸಾಕು. ಆದರೆ ಅದರಲ್ಲಿ ಸ್ಪೈಡರ್‌ಮ್ಯಾನ್ ಇಲ್ಲವೇ ಇಲ್ಲ! ಬೇಟೆಯೇ ಇಲ್ಲದ ಮೇಲೆ ಬೇಟೆಗಾರನ ಹುಚ್ಚು ಅರ್ಥವಾಗುವುದಾದರೂ ಹೇಗೆ?

1987ರ ‘ಕ್ರೇವನ್ಸ್ ಲಾಸ್ಟ್ ಹಂಟ್’ ಆರು ಸಂಚಿಕೆಗಳ ಕಥೆ. ಬರಹ ಡಿಮ್ಯಾಟೀಸ್ ಅವರದು, ಚಿತ್ರ ಮೈಕ್ ಝೆಕ್ ಅವರದು. ಇಲ್ಲಿ ಕ್ರೇವನ್ ಬಂದೂಕಿನಿಂದ ನಾಯಕನನ್ನು ಕೆಡವಿ, ಜೀವಂತ ಹೂತು, ಅವನ ಉಡುಪನ್ನೇ ತೊಟ್ಟು ನ್ಯೂಯಾರ್ಕ್ ಸುತ್ತುತ್ತಾನೆ. ತಾನೇ ಮೇಲೆಂದು ರುಜುವಾತುಪಡಿಸುವ ಹಟ ಅವನದು. ಎರಡು ವಾರಗಳ ಬಳಿಕ ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜವಾದ ಹೆಸರು), ಹೆಂಡತಿ ಮೇರಿ ಜೇನ್‌ಳನ್ನು ನೆನೆಯುತ್ತಾ ಗೋರಿಯ ಮಣ್ಣು ಬಗೆದು ಮೇಲೆ ಬರುವ ಪುಟಗಳಿಗಾಗಿಯೇ ಇದನ್ನು ಓದಬೇಕು. ನನ್ನ ಮತ ಕಾಮಿಕ್ಸಿಗೇ. ಆತ್ಮಹತ್ಯೆಯ ಪ್ರಸಂಗವಿರುವುದರಿಂದ ಚಿಕ್ಕ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.